ಕುಂಬಳಕಾಯಿ ಟಾರ್ಟಿಗೆ ಹೊಂದುವ ವೈನ್

1957ರ ಮಳೆಗಾಲದಲ್ಲಿ ಯಲ್ಲಾಪುರಕ್ಕೆ ಫ್ಲೂ ಜ್ವರ ಬಂತು. ಮರದ ಕಂಪನಿಯ ಅತಿಥಿಗೃಹದಲ್ಲಿ ಅಡುಗೆ, ಮೇಜು ಎರಡನ್ನೂ ನೋಡಿಕೊಳ್ಳುತ್ತಿದ್ದ ಬಟ್ಲರ್ ಇನಾಸ್ ಮೇಸ್ತ್ರಿ ವಾರಕ್ಕೂ ಹೆಚ್ಚು ಕಾಲ ಮಲಗಿದರು. ಜ್ವರ ಬಿಟ್ಟಿತು. ವಾಸನೆ ಹಿಡಿಯುವ ಶಕ್ತಿ ಅವರಿಗೆ ತಿರುಗಿ ಬರಲಿಲ್ಲ.

ನಾನು ಆಗ ಅದೇ ಅತಿಥಿಗೃಹದಲ್ಲಿ ಮೇಜಿನ ಕೆಲಸದಲ್ಲಿದ್ದೆ. ಮುಂದೆ ಬೇರೆ ಊರುಗಳ ಹೋಟೆಲುಗಳಲ್ಲಿ ದುಡಿದು ನಿವೃತ್ತನಾದೆ. ಎಲ್ಲಿ ಯಾವ ಹುದ್ದೆಯಲ್ಲಿದ್ದೆ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ. ಹೋಟೆಲ್ ಕೆಲಸ ಕಲಿತು ಬರುವ ಈಗಿನ ಹುಡುಗ ಹುಡುಗಿಯರು ಯಾವ ತಿನಿಸಿಗೆ ಯಾವ ವೈನ್ ಇಡಬೇಕು ಎಂದು ನನ್ನನ್ನು ಕೇಳುತ್ತಾರೆ. ಉತ್ತರ ಅವರ ಪುಸ್ತಕಗಳಲ್ಲೇ ಇದೆ. ನನಗೆ ಆ ಉತ್ತರ ಸಿಕ್ಕ ಬಗೆ ಬೇರೆ. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಯಾರಿಂದ ಕೇಳಿದೆ ಎಂದೂ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು 1956ರ ಕೊನೆಯಲ್ಲಿ. ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ರಾಜ್ಯ ಬದಲಾದರೂ ಪಾನನಿರೋಧ ಬದಲಾಗಲಿಲ್ಲ. ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿತ್ತು. ಸಾಗುವಾನಿ, ಮತ್ತಿ, ಬೀಟೆ ಮರ ನೋಡಲು ವಿದೇಶದ ವ್ಯಾಪಾರಿಗಳು ಬರುತ್ತಿದ್ದರು. ಅವರಿಗೆ ಕುಡಿಯಲು ಪರ್ಮಿಟ್ ಇತ್ತು. ಅವರ ಬಾಟಲಿಗಳು ಹುಬ್ಬಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಲಾರಿಯ ಮೇಲೆ ಬಂದು ಅತಿಥಿಗೃಹದ ಬೀರುವಿನಲ್ಲಿರುತ್ತಿದ್ದವು. ಬೀಗದ ಕೈ ಮ್ಯಾನೇಜರ್ ದೇಸಾಯಿಯವರ ಹತ್ತಿರ.

ನನ್ನದು ಬನವಾಸಿ ಕಡೆಯ ಒಕ್ಕಲು ಮನೆ. ಕೊರಳಲ್ಲಿ ಲಿಂಗ ಕಟ್ಟಿದವರು, ಮಾಂಸ ಮದ್ಯ ಮುಟ್ಟದವರು. ನಾನು ಹೊರಟಾಗ ಅವ್ವ, "ಕುಡಿಯೋರ ಮನ್ಯಾಗ ನೀರು ಕೊಡಾಕ ಹೊಂಟೀದಿ. ನೀರಷ್ಟ ಕೊಡು," ಎಂದಿದ್ದಳು. ಮಾಂಸದ ಕೆಲಸ ಇನಾಸ್ ಮೇಸ್ತ್ರಿಯದು, ತರಕಾರಿ, ಮೈದಾ, ಮೇಜು, ಗಾಜಿನ ಸಾಮಾನು ನನ್ನದು ಎಂದು ಮೊದಲ ದಿನವೇ ಮಾತಾಯಿತು. ವೈನ್ ಸುರಿಯುವುದನ್ನು ಮೇಸ್ತ್ರಿ ಕಲಿಸಿದರು. ಕುಡಿಯುವುದನ್ನು ನಾನು ಎಂದೂ ಕಲಿಯಲಿಲ್ಲ. ಈ ವೃತ್ತಿಯಲ್ಲಿ ಕೊನೆಯವರೆಗೂ ಮೂಗಿನಿಂದಲೇ ಕೆಲಸ ಮಾಡಿದವನು ನಾನು.

ಇನಾಸ್ ಮೇಸ್ತ್ರಿ ಗೋವೆಯ ಮಡಗಾಂವ್ ಹತ್ತಿರದ ಹಳ್ಳಿಯವರು. ಬ್ರಿಟಿಷರ ಕಾಲದಲ್ಲೇ ಘಟ್ಟ ಹತ್ತಿ ಬಂದು ಕಂಪನಿ ಸೇರಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅತಿಥಿಗೃಹದ ಹಿಂದಿನ ಎರಡು ಕೋಣೆಯ ಔಟ್‌ಹೌಸ್ ಅವರ ಮನೆ. ಊರಿನಲ್ಲಿ ಒಬ್ಬ ತಮ್ಮನಿದ್ದ. ಆದರೆ ಗೋವೆ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1955ರಿಂದ ಗಡಿ ಮುಚ್ಚಿತ್ತು, ಹೋದವನು ತಿರುಗಿ ಬರುವ ಖಾತ್ರಿಯಿರಲಿಲ್ಲ, ಕಾಗದವೂ ಹೋಗಿ ಮುಟ್ಟುತ್ತಿರಲಿಲ್ಲ. ಕೆಲಸ ಹೋದರೆ ಔಟ್‌ಹೌಸ್ ಹೋಗುತ್ತದೆ, ಔಟ್‌ಹೌಸ್ ಹೋದರೆ ಅವರಿಗೆ ಹೋಗಲು ಬೇರೆ ಜಾಗವಿಲ್ಲ. ಇದು ಕಂಪನಿಯ ಎಲ್ಲರಿಗೂ ಗೊತ್ತಿದ್ದ ವಿಷಯ.

ಮೇಸ್ತ್ರಿ ಕಲಿಸುತ್ತಿದ್ದುದು ಕಡಿಮೆ ಮಾತಿನಲ್ಲಿ. ವೈನ್ ಮತ್ತು ತಿನಿಸು ಎರಡರ ದನಿಯೂ ಒಂದೇ ಎತ್ತರದಲ್ಲಿರಬೇಕು ಎನ್ನುತ್ತಿದ್ದರು. ಅದು ನನಗೆ ತಲೆಗೆ ಹೋಗದಿದ್ದಾಗ ಕೊಂಕಣಿಯಲ್ಲಿ ಮಗನೇ ಎಂದು ಕರೆದು ಹೀಗೆ ಹೇಳಿದರು:

"ಗಂಡ ಹೆಂಡ್ತಿ ಹಾಗೆ, ಪುತಾ. ಒಬ್ಬ ಕೂಗಿದ್ರೆ ಇನ್ನೊಬ್ಬನ ಮಾತು ಕೇಳೂದಿಲ್ಲ. ಇಬ್ರೂ ಕೂಗಿದ್ರೆ ಅದು ದೇಸಾಯಿ ಸಾಯ್ಬರ ಮನೆ."

ಜ್ವರಕ್ಕೆ ಮೊದಲು ಅವರ ಹೆಸರುವಾಸಿ ತಿನಿಸು ಈರುಳ್ಳಿ ಮತ್ತು ಚೀಸಿನ ಟಾರ್ಟ್. ಮೈದಾ ಮತ್ತು ಬೆಣ್ಣೆ ಕಲಸಿ ತಟ್ಟೆಯ ಆಕಾರದಲ್ಲಿ ತಟ್ಟಿ, ಅದರೊಳಗೆ ಹುರಿದ ಈರುಳ್ಳಿ, ಚೀಸು, ಮೊಟ್ಟೆ, ಕಾಳುಮೆಣಸು ತುಂಬಿ ಒಲೆಯಲ್ಲಿ ಬೇಯಿಸುವುದು. ಬಾಯಿಗೆ ಉಪ್ಪುಪ್ಪು. ಅದಕ್ಕೆ ಸಿಹಿಯಿಲ್ಲದ ಬಿಳಿ ವೈನ್ ಇಡುತ್ತಿದ್ದರು. ಉಪ್ಪು ಮತ್ತು ಬೆಣ್ಣೆಯ ಜಿಡ್ಡನ್ನು ಆ ವೈನಿನ ಹುಳಿ ತೊಳೆದು ಹಾಕುತ್ತದೆ. ಅಂಥ ಊಟ ಮುಗಿದಾಗ ತಟ್ಟೆಯೂ ಗ್ಲಾಸೂ ಎರಡೂ ಖಾಲಿ ಬರುತ್ತಿದ್ದವು. ತೊಳೆಯುವವನು ನಾನಾದ್ದರಿಂದ ನನಗೆ ಗೊತ್ತಾಗುತ್ತಿತ್ತು.

ಜ್ವರದಿಂದ ಎದ್ದ ಮೇಲೆ ಆ ಟಾರ್ಟು ಬದಲಾಯಿತು. ಮೊದಲು ಈರುಳ್ಳಿಯ ಜೊತೆ ಸಿಹಿಗುಂಬಳ ಬಂತು. ಆಮೇಲೆ ಸಕ್ಕರೆ ಬಂತು. ಉಪ್ಪೂ ಹೆಚ್ಚಾಯಿತು. ಮೂಗು ಹೋದವನಿಗೆ ನಾಲಿಗೆಯಲ್ಲಿ ಉಳಿಯುವುದು ಸಿಹಿ, ಉಪ್ಪು, ಹುಳಿ, ಕಹಿ, ಒಗರು, ಖಾರ ಇಷ್ಟೇ. ಬೆಣ್ಣೆಯನ್ನು ಬೆಣ್ಣೆ ಎಂದು, ಈರುಳ್ಳಿಯನ್ನು ಈರುಳ್ಳಿ ಎಂದು ಹೇಳುವುದು ಮೂಗು. ಬಹಳ ವರ್ಷಗಳ ಮೇಲೆ ಒಬ್ಬ ಡಾಕ್ಟರು ನನಗೆ ಇದನ್ನು ವಿವರಿಸಿದರು. ಮೇಸ್ತ್ರಿ ತಮಗೆ ರುಚಿ ತಿಳಿಯುವವರೆಗೆ ಸಿಹಿಯನ್ನೂ ಉಪ್ಪನ್ನೂ ಏರಿಸುತ್ತ ಹೋಗಿದ್ದರು. ಆಗ ನನಗೆ ಅದು ಗೊತ್ತಿರಲಿಲ್ಲ. ಹೊಸ ತಿನಿಸು ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಗೊತ್ತಾದದ್ದು ಒಂದು ಕೆಟ್ಟ ಮೊಟ್ಟೆಯಿಂದ. ದೀಪಾವಳಿ ಮುಗಿದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಮೇಸ್ತ್ರಿ ಮೊಟ್ಟೆ ಒಡೆದು ಬೋಗುಣಿಗೆ ಹಾಕುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನಗೇ ಒಂದು ಮೊಟ್ಟೆಯ ಕೊಳೆತ ವಾಸನೆ ಹೊಡೆಯಿತು. ಅವರು ಅದೇ ಮೊಟ್ಟೆಯನ್ನು ಬೋಗುಣಿಯ ಇತರ ಮೊಟ್ಟೆಗಳ ಜೊತೆ ಕಲಕುತ್ತ ಹಾಡು ಗುನುಗುತ್ತಿದ್ದರು. ನಾನು ಕೈ ಹಿಡಿದು ನಿಲ್ಲಿಸಿದೆ. ಅವರು ನನ್ನ ಮುಖ ನೋಡಿದರು, ಬೋಗುಣಿ ನೋಡಿದರು, ತೆಗೆದುಕೊಂಡು ಹೋಗಿ ಹೊರಗೆ ಚೆಲ್ಲಿ ಬಂದರು. ಬೋಗುಣಿಯನ್ನು ತಾವೇ ತೊಳೆದರು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಜ್ವರದಿಂದ. ಬರ್ತದೆ ಅಂತ ಕಾಯ್ತಿದ್ದೆ," ಎಂದರು. ಬೋಗುಣಿಯನ್ನು ಕವುಚಿಟ್ಟು, "ದೇಸಾಯಿ ಸಾಯ್ಬರಿಗೆ ಹೇಳ್ತೀಯಾ?" ಎಂದರು.

ನಾನು ಹೇಳಲಿಲ್ಲ. ಅಂದಿನಿಂದ ಅಡುಗೆಮನೆಗೆ ಬರುವ ಹಾಲು, ಮೀನು, ಮಾಂಸ, ಮೊಟ್ಟೆ ಎಲ್ಲವನ್ನೂ ಮೊದಲು ನಾನು ಮೂಸಿದೆ. ಮಾಂಸ ಮುಟ್ಟದ ಮನೆಯವನು ಮಾಂಸ ಮೂಸಲು ಕಲಿತೆ. ಅದನ್ನು ಊರಿನಲ್ಲಿ ಹೇಳಲಿಲ್ಲ.

ಆದರೆ ಗ್ಲಾಸಿನ ಸಮಸ್ಯೆ ಉಳಿಯಿತು. ಸಿಹಿಗುಂಬಳದ ಟಾರ್ಟನ್ನು ಅತಿಥಿಗಳು ಹೊಗಳಿದರು, ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ತಟ್ಟೆ ಖಾಲಿ ಬರುತ್ತಿತ್ತು. ಗ್ಲಾಸು ಮಾತ್ರ ತುಂಬಿದ ಹಾಗೇ ಬರತೊಡಗಿತು. ಮೇಸ್ತ್ರಿ ಹಳೆಯ ರೂಢಿಯಂತೆ ಸಿಹಿಯಿಲ್ಲದ ಬಿಳಿ ವೈನನ್ನೇ ಕೊಡುತ್ತಿದ್ದರು. ಬಾಯಲ್ಲಿ ಸಿಹಿ ಇದ್ದಾಗ ಅಂಥ ವೈನ್ ಕುಡಿದರೆ ಬರೀ ಹುಳಿ. ಪಾಯಸ ತಿಂದು ಮಜ್ಜಿಗೆ ಕುಡಿದ ಹಾಗೆ. ಈಗ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿದ್ದರೆ ಇದೊಂದೇ: ಅತಿಥಿಯ ಮುಖ ನೋಡಿ ನಂಬಬೇಡಿ, ಅವರು ಸಭ್ಯರು. ತಟ್ಟೆ ನೋಡಿಯೂ ನಂಬಬೇಡಿ. ಗ್ಲಾಸು ನೋಡಿ.

ಟಾರ್ಟಿನ ಸಿಹಿ ಕಡಿಮೆ ಮಾಡಿ ಎಂದು ಹೇಳಿ ನೋಡಿದೆ. ಒಂದು ಸಲ ಮಾಡಿದರು. ತಾವೇ ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದು, ಒದ್ದೆ ರಟ್ಟು ತಿಂದಂತಿದೆ ಎಂದು ಉಗುಳಿದರು. ತಮಗೇ ರುಚಿ ತಿಳಿಯದ ತಿನಿಸನ್ನು ಬೇರೆಯವರಿಗೆ ಹೇಗೆ ಕೊಡಲಿ ಎಂದು ಕೇಳಿದರು. ಹಾಗಾಗಿ ಟಾರ್ಟು ಹಾಗೇ ಉಳಿಯಿತು, ನಾವು ವೈನ್ ಬದಲಾಯಿಸುತ್ತ ಹೋದೆವು.

ನಾಲಿಗೆ ಅವರದು, ಮೂಗು ನನ್ನದು. ಅತಿಥಿಗಳ ಬಾಟಲಿಯ ತಳದಲ್ಲಿ ಉಳಿದದ್ದನ್ನು ಅವರು ಚಮಚದಲ್ಲಿ ನಾಲಿಗೆಗೆ ಮುಟ್ಟಿಸಿ ಹುಳಿ, ಸಿಹಿ, ಒಗರು ಹೇಳುತ್ತಿದ್ದರು. ಅದು ಕಾನೂನಿಗೆ ಸರಿಯೇ ಎಂದು ಕೇಳಿದರೆ, ಸರಿಯಲ್ಲ. ನಾನು ಗ್ಲಾಸಿಗೆ ಮೂಗಿಟ್ಟು ಏನು ವಾಸನೆ ಎಂದು ಹೇಳುತ್ತಿದ್ದೆ. ನನಗೆ ವೈನಿನ ಮಾತು ಬರುತ್ತಿರಲಿಲ್ಲ, ಅಡುಗೆಮನೆ ಮತ್ತು ಹೊಲದ ಮಾತಿನಲ್ಲಿ ಹೇಳುತ್ತಿದ್ದೆ. ಒಂದಕ್ಕೆ ಕಂಚಿಕಾಯಿ ಸಿಪ್ಪೆ. ಇನ್ನೊಂದಕ್ಕೆ ಜೋನಿ ಬೆಲ್ಲದ ಕೊಡ ತೊಳೆದ ನೀರು. ಕೆಲವು ಬಾಟಲಿಗಳಿಗೆ ನೆನೆದ ಕಂಬಳಿ. ಈ ಕೊನೆಯದನ್ನು ಮೊದಲ ಸಲ ಹೇಳಿದಾಗ ಮೇಸ್ತ್ರಿ ಬಾಟಲಿಯನ್ನು ನನ್ನ ಕೈಯಿಂದ ತೆಗೆದಿಟ್ಟರು. ಬಿರಡೆ ಹಾಳಾದರೆ ವೈನಿಗೆ ಆ ವಾಸನೆ ಬರುತ್ತದೆ, ನಾಲಿಗೆಗೆ ತಿಳಿಯುವುದಿಲ್ಲ, ಮೂಗಿಗೇ ತಿಳಿಯುವುದು, ಅಂಥದ್ದನ್ನು ಮೇಜಿಗೆ ಒಯ್ಯಲೇಬಾರದು ಎಂದರು.

ಮೊದಲು ಕೆಂಪು ವೈನ್ ಇಟ್ಟೆವು. ಅದರಲ್ಲಿ ಹಸಿ ಅಡಿಕೆಯಂಥ ಒಗರಿರುತ್ತದೆ. ಕುಂಬಳದ ಸಿಹಿಯ ಮೇಲೆ ಆ ಒಗರು ಬಿದ್ದು ಬಾಯಿ ಕಹಿಯಾಗುತ್ತದೆ. ಒಬ್ಬ ಇಟಲಿಯ ವ್ಯಾಪಾರಿ ಎರಡು ಗುಟುಕು ಕುಡಿದು ನೀರು ಕೇಳಿದ. ಆಮೇಲೆ ಊಟದ ಕೊನೆಗೆ ಕುಡಿಯುವ ಪೋರ್ಟ್ ವೈನ್ ಇಟ್ಟೆವು. ಅದು ಗಡಸು, ಸಿಹಿ. ಚೀಸಿನ ಉಪ್ಪಿಗೆ ಒಳ್ಳೆಯದಾಯಿತು, ಆದರೆ ಊಟದ ಮಧ್ಯದಲ್ಲೇ ಊಟ ಮುಗಿದು ಹೋದಂತಾಯಿತು. ಪೋರ್ಟ್ ಕುಡಿದವರು ಮುಂದಿನ ಪದಾರ್ಥ ತಿನ್ನಲಿಲ್ಲ. ಶೆರಿ ಎಂಬ ವೈನಿನಲ್ಲಿ ಮಧ್ಯಮ ಸಿಹಿಯ ಒಂದು ಬಗೆ ಇದೆ, ಅದಕ್ಕೆ ಹುರಿದ ಗೋಡಂಬಿಯ ವಾಸನೆ. ಕಂದು ಬಣ್ಣ ಬರುವವರೆಗೆ ಹುರಿದ ಈರುಳ್ಳಿಗೆ ಅದು ಚೆನ್ನಾಗಿ ಹೊಂದಿತು. ಗ್ಲಾಸುಗಳು ಅರ್ಧ ಖಾಲಿ ಬಂದವು.

ಪೂರ್ತಿ ಖಾಲಿ ಬಂದದ್ದು ಜರ್ಮನಿಯ ಒಂದು ಬಿಳಿ ವೈನಿಗೆ. ಉದ್ದ ಕತ್ತಿನ ಹಸಿರು ಬಾಟಲಿ. ಮೇಸ್ತ್ರಿಯ ನಾಲಿಗೆಗೆ ಮುಂದೆ ಹುಳಿ, ಹಿಂದೆ ಸಿಹಿ. ನನ್ನ ಮೂಗಿಗೆ ಮಾವಿನ ಹೂ ಮತ್ತು ಕಂಚಿಕಾಯಿ. ಟಾರ್ಟಿನ ಸಿಹಿಗೆ ಅದರ ಸಿಹಿ ಸಮನಾಗಿ ನಿಂತಿತು, ಬೆಣ್ಣೆಗೆ ಮತ್ತು ಚೀಸಿಗೆ ಅದರ ಹುಳಿ ಸಾಕಾಯಿತು. ಅಂದು ಮೇಜಿನಿಂದ ಗ್ಲಾಸುಗಳನ್ನು ತಂದಿಟ್ಟಾಗ ಮೇಸ್ತ್ರಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಹೋಗಿ ಗಡ್ಡ ಹೆರೆದುಕೊಂಡು ಬಂದರು.

ಹೀಗೆ ಮೂರು ವರ್ಷ ನಡೆಯಿತು. ಮ್ಯಾನೇಜರರಿಗೆ ತಿಳಿಯಲಿಲ್ಲ. ಅಥವಾ ತಿಳಿದೂ ಸುಮ್ಮನಿದ್ದರೇ, ನನಗೆ ಗೊತ್ತಿಲ್ಲ.

1960ರ ಕೊನೆಗೆ ಮುಂಬಯಿಯಿಂದ ಮಾತು ಬಂತು. ವಿದೇಶದ ವ್ಯಾಪಾರ ಇಳಿದಿದೆ, ಅತಿಥಿಗೃಹದ ಅಡುಗೆಮನೆ ಇಡಬೇಕೇ ಮುಚ್ಚಬೇಕೇ ಎಂದು ನೋಡಲು ಡೈರೆಕ್ಟರು ಸ್ವತಃ ಬರುತ್ತಾರೆ, ಜೊತೆಗೆ ಜರ್ಮನಿಯ ದೊಡ್ಡ ವ್ಯಾಪಾರಿ ಮತ್ತು ಅವರ ಹೆಂಡತಿ. ಹೆಂಡತಿ ಮಾಂಸ ತಿನ್ನುವುದಿಲ್ಲ. ದೇಸಾಯಿಯವರು ಅಡುಗೆಮನೆಗೆ ಬಂದು ಧಾರವಾಡದ ತಮ್ಮ ಮಾತಿನಲ್ಲಿ ಹೇಳಿದರು:

"ಇನಾಸ, ಆ ಕುಂಬಳಕಾಯಿದ ಮಾಡು. ಬ್ಯಾರೆ ಏನೂ ಹೊಸಾದು ಮಾಡಾಕ ಹೋಗಬ್ಯಾಡ. ಅವರು ಉಂಡು ಖುಷಿಯಿಂದ ಹೋದ್ರ ನಿನ್ನ ಕ್ವಾರ್ಟರ್ಸು ನಿನಗ."

ಬೀರುವಿನಲ್ಲಿ ಹಸಿರು ಬಾಟಲಿ ಒಂದೇ ಉಳಿದಿತ್ತು. ಹೊಸದು ತರಿಸಲು ಸಮಯವಿರಲಿಲ್ಲ. ಚೀಸಿನ ಡಬ್ಬಗಳು ಬೇರೆ ಸರಕಿನ ಜೊತೆ ಶಿರಸಿಯ ಡಿಪೋದಲ್ಲಿ ಇಳಿದಿದ್ದವು. ಅವನ್ನು ತರಲು ಊಟದ ಹಿಂದಿನ ದಿನ ನನ್ನನ್ನು ಕಳಿಸಿದರು. ಶಿರಸಿಯ ಪೇಟೆಯಲ್ಲಿ ಹುಲೇಕಲ್‌ನಿಂದ ಬಂದ ಗಾಡಿಯಿಂದ ಒಳ್ಳೆಯ ಎರಡು ಕುಂಬಳಕಾಯಿಯನ್ನೂ ಆರಿಸಿಕೊಂಡೆ. ಮರುದಿನ ಬೆಳಗಿನ ಬಸ್ಸು ಹೊರಟಿತು. ಯಲ್ಲಾಪುರದ ದಾರಿಯ ತಿರುವಿನಲ್ಲಿ ದಿಮ್ಮಿ ತುಂಬಿದ ಲಾರಿಯೊಂದು ಅಡ್ಡ ಮಗುಚಿತ್ತು. ದಿಮ್ಮಿ ಎಳೆಯಲು ಆನೆ ಬರಬೇಕಾಯಿತು. ನಾನು ತಲುಪಿದಾಗ ಊಟ ಮುಗಿದಿತ್ತು. ಆದ್ದರಿಂದ ಮುಂದಿನದು ನಾನು ಕಂಡದ್ದಲ್ಲ. ಕಂಪನಿಯ ಗುಮಾಸ್ತ ಗಣಪತಿ ಹೆಗಡೆಯವರು, ಹಾಲು ಕೊಡುತ್ತಿದ್ದ ಧೋಂಡು ಗೌಳಿ ಮತ್ತು ಮೇಸ್ತ್ರಿ ಹೇಳಿದ್ದು. ಮೂವರ ಮಾತಿನಲ್ಲೂ ವ್ಯತ್ಯಾಸವಿರಲಿಲ್ಲ.

ಬೆಳಿಗ್ಗೆ ನಾನು ಬಾರದಿದ್ದುದನ್ನು ನೋಡಿ ಮೇಸ್ತ್ರಿ ಧೋಂಡುವಿನ ಎಮ್ಮೆ ಹಾಲಿಗೆ ನಿಂಬೆ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಒರಳುಕಲ್ಲಿನ ಗುಂಡಿನ ಕೆಳಗೆ ಅದುಮಿ ತಾವೇ ಚೀಸು ಮಾಡಿದರು. ಮನೆಯಲ್ಲಿದ್ದ ಹಳೆಯ ಕುಂಬಳದಲ್ಲೇ ಟಾರ್ಟು ಮಾಡಿದರು. ಅದರಲ್ಲಿ ಕೊರತೆಯಾಗಲಿಲ್ಲ. ಆಮೇಲೆ ಹಸಿರು ಬಾಟಲಿ ತೆಗೆದರು. ಮೂಸಲು ಯಾರೂ ಇರಲಿಲ್ಲ. ಹೆಗಡೆಯವರು ಸಿದ್ದಾಪುರ ತಾಲ್ಲೂಕಿನ ಕಾನಸೂರಿನವರು, ಜನಿವಾರದವರು. ಬಾಟಲಿ ಕಂಡರೆ ದೂರ ಸರಿಯುವವರು. ಅವರನ್ನು ಕೇಳಿದರೆ ಗುಟ್ಟೂ ಬಿಚ್ಚುತ್ತದೆ. ಧೋಂಡು ಅಡುಗೆಮನೆಯ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ. ಯಲ್ಲಾಪುರದ ಕಾಡಿನಲ್ಲಿ ಎಮ್ಮೆ ಕಾಯುವ ಗೌಳಿಗಳು ಬಿಸಿಲಿರಲಿ ಮಳೆಯಿರಲಿ ಕಂಬಳಿ ಬಿಡುವುದಿಲ್ಲ. ಅವನ ಹೆಗಲ ಕಂಬಳಿ ಬೆಳಗಿನ ಇಬ್ಬನಿಯಲ್ಲಿ ನೆನೆದಿತ್ತು.

ಮೇಸ್ತ್ರಿ ಗ್ಲಾಸಿಗೆ ಒಂದಿಷ್ಟು ಸುರಿದು ಅವನ ಮುಂದೆ ಹಿಡಿದರು. ಕೇಳಬೇಕಾದ್ದನ್ನು ಸರಿಯಾಗಿಯೇ ಕೇಳಿದರು.

"ಧೋಂಡು, ಇದ್ರಲ್ಲಿ ನೆನೆದ ಕಂಬ್ಳಿ ವಾಸ್ನೆ ಉಂಟಾ ನೋಡು."

ಧೋಂಡು ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ತನ್ನ ಹೆಗಲನ್ನು ಮೂಸಿಕೊಂಡು ನಕ್ಕ.

"ಕಂಬ್ಳಿ ವಾಸ್ನೆ ಉಂಟು ಬಾಬಾ. ಅದು ನಂದೇ ಕಂಬ್ಳಿ."

ಮೇಸ್ತ್ರಿಯೂ ನಕ್ಕರಂತೆ. ಬೇರೆ ವಾಸನೆ ಏನಾದರೂ ಇದೆಯೇ ಎಂದು ಕೇಳಿದರು. ಏನೋ ಹೂವಿನದು ಸಣ್ಣದಾಗಿ ಬರುತ್ತದೆ ಎಂದು ಧೋಂಡು ಹೇಳಿದ. ಹೂವು ಎಂದದ್ದು ಸರಿಹೋಯಿತು. ಮೇಸ್ತ್ರಿ ನಾಲಿಗೆಗೆ ಮುಟ್ಟಿಸಿ ನೋಡಿದರು. ಮುಂದೆ ಹುಳಿ, ಹಿಂದೆ ಸಿಹಿ. ಬಾಟಲಿಯನ್ನು ತಣ್ಣೀರಿನಲ್ಲಿ ಇಟ್ಟರು.

ಮಧ್ಯಾಹ್ನ ಮೇಜಿಗೆ ಕೂತವರು ಡೈರೆಕ್ಟರು, ಜರ್ಮನ್ ವ್ಯಾಪಾರಿ, ಅವರ ಹೆಂಡತಿ ಮತ್ತು ದೇಸಾಯಿಯವರು. ಹೆಗಡೆಯವರು ದಿಮ್ಮಿಗಳ ಅಳತೆ ಹೇಳಲು ಗೋಡೆ ಬದಿಗೆ ನಿಂತಿದ್ದರು. ಟಾರ್ಟು ಬಂತು. ಹೆಂಡತಿ ತಿಂದು ಕಣ್ಣರಳಿಸಿ ಇದು ಯಾವ ತರಕಾರಿ ಎಂದು ಕೇಳಿದರು. ದೇಸಾಯಿಯವರು ಹೇಳಿದರು. ಮೇಸ್ತ್ರಿ ಪದ್ಧತಿಯ ಪ್ರಕಾರ ಮೊದಲು ಸ್ವಲ್ಪ ವೈನನ್ನು ವ್ಯಾಪಾರಿಯ ಗ್ಲಾಸಿಗೆ ಸುರಿದು ನಿಂತರು. ವ್ಯಾಪಾರಿ ಮೂಗಿನ ಹತ್ತಿರ ತಂದು ಹಾಗೇ ಕೆಳಗಿಟ್ಟರು. ತಮ್ಮ ದೇಶದ ಬಾಟಲಿ ಎಂದು ಅವರಿಗೆ ಸಂತೋಷವಾಗಿತ್ತು, ಆದ್ದರಿಂದ ಮೆಲ್ಲಗೆ ಹೇಳಿದರು, ಬಿರಡೆ ಕೆಟ್ಟಿದೆ, ಬೇರೆ ಬಾಟಲಿ ಇದ್ದರೆ ತನ್ನಿ. ಇದು ಯಾರ ತಪ್ಪೂ ಅಲ್ಲ, ಎಲ್ಲ ಕಡೆ ಆಗುವಂಥದ್ದೇ. ಬಾಟಲಿ ಒಯ್ದು ಬೀರುವಿನಲ್ಲಿದ್ದ ಬೇರೆ ವೈನನ್ನಾದರೂ ತಂದಿದ್ದರೆ ಮುಗಿಯುತ್ತಿತ್ತು.

ಡೈರೆಕ್ಟರು ಮೇಸ್ತ್ರಿಗೆ, ತೆಗೆದಾಗ ಮೂಸಿ ನೋಡಲಿಲ್ಲವೇ ಎಂದು ಕೇಳಿದರು. ನೋಡಿದೆ, ಸರಿಯಾಗಿತ್ತು ಎಂದು ಮೇಸ್ತ್ರಿ ಹೇಳಿದರು. ಈಗ ನೋಡು ಎಂದು ಡೈರೆಕ್ಟರು ಗ್ಲಾಸನ್ನು ಅವರ ಕೈಗೆ ಕೊಟ್ಟರು. ಮೇಸ್ತ್ರಿ ಮೂಸಿದರು. ಏನು ವಾಸನೆ ಎಂದು ಡೈರೆಕ್ಟರು ಮತ್ತೆ ಕೇಳಿದರು. ಕಂಬಳಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಉತ್ತರ ಅವರಿಗೆ ಗೊತ್ತಿತ್ತು. ಅವರು ಗ್ಲಾಸನ್ನು ಮೇಜಿನ ಮೇಲಿಟ್ಟು ನೇರ ನಿಂತರು.

"ನನ್ಗೆ ವಾಸ್ನೆ ಬರೂದಿಲ್ಲ, ಸಾಯ್ಬಾ. ಯಾವ್ದೂ ಬರೂದಿಲ್ಲ."

ಜರ್ಮನ್ ಹೆಂಗಸು ತನಗೆ ನೀರೇ ಸಾಕು ಎಂದು ಹೇಳಿ ಇನ್ನೊಂದು ತುಂಡು ಟಾರ್ಟು ಕೇಳಿದರು. ಮೇಸ್ತ್ರಿ ಬಡಿಸಿದರು.

ನಾನು ಕುಂಬಳಕಾಯಿಯ ಚೀಲ ಹೊತ್ತು ಹಿಂದಿನ ಬಾಗಿಲಿಂದ ಬಂದಾಗ ಮೇಸ್ತ್ರಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಕೋಟು ಬಿಚ್ಚಿರಲಿಲ್ಲ.

"ತಟ್ಟೆ ಖಾಲಿ ಬಂತು, ಪುತಾ," ಎಂದರು.

ಗ್ಲಾಸುಗಳು ತೊಳೆಯುವ ಕಲ್ಲಿನ ಮೇಲಿದ್ದವು. ಒಂದರಲ್ಲಿ ಮಾತ್ರ ವೈನ್ ಇತ್ತು. ನಾನು ಮೂಸಿದೆ. ಬಾಗಿಲ ಹೊರಗೆ ಧೋಂಡು ಇನ್ನೂ ನಿಂತಿದ್ದ, ಎಮ್ಮೆಗಳ ಹತ್ತಿರ ಹೋಗಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ.

"ಬಾಬಾ, ಕಂಬ್ಳಿ ತೆಗ್ದಿಟ್ಟು ಮೂಸ್ಬೇಕಾಗಿತ್ತಾ?"

ಅದು ನಿನ್ನ ಕೆಲಸವಾಗಿರಲಿಲ್ಲ ಎಂದು ಅವನಿಗೆ ಹೇಳಿದೆ. ಅವನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವನು ಎಮ್ಮೆಗಳ ಕಡೆ ಹೊರಟ.

ಡೈರೆಕ್ಟರು ಹೊರಡುವ ಮೊದಲು ತೀರ್ಮಾನ ಹೇಳಿದರು. ಅಡುಗೆಮನೆ ಉಳಿಯಲಿ. ಅತಿಥಿಗಳಿಗೆ ಊಟ ಹಿಡಿಸಿದೆ. ಮೇಸ್ತ್ರಿಯನ್ನು ಮಾತ್ರ ಬಿಡಿಸಬೇಕು. ಹೆಗಡೆಯವರು ಆ ಮಾತುಕತೆಯನ್ನು ಕೇಳಿಸಿಕೊಂಡಿದ್ದರು. ಸಂಜೆ ತಮ್ಮ ಹವ್ಯಕ ಮಾತಿನಲ್ಲಿ ನನಗೆ ಹೇಳಿದರು:

"ಆನು ಅಲ್ಲೇ ನಿಂತಿದ್ದೆ ಮಾರಾಯ. ದೇಸಾಯ್ರು ಬಿಡದ್ದೇ ವಾದ ಮಾಡಿದ. ಹಳೇ ಮನುಷ್ಯ, ಹೋಪಲೆ ಜಾಗ ಇಲ್ಲೆ ಅಂದ. ಡೈರೆಕ್ಟ್ರು ಒಂದೇ ಕೇಳಿದ್ದು, ನಾಳೆ ಕೆಟ್ಟ ಮಾಂಸ ಬಂದ್ರೆ ಎಂತ ಮಾಡ್ತ್ರಿ ಅಂತ. ಅದಕ್ಕೆ ದೇಸಾಯ್ರ ಹತ್ರ ಎಂತೂ ಇಲ್ಲೆ. ನನ್ನ ಹತ್ರವೂ ಇಲ್ಲೆ."

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ಮೂರು ವರ್ಷ ಕೆಟ್ಟ ಮಾಂಸ ಮೇಜಿಗೆ ಹೋಗಿರಲಿಲ್ಲ. ದೇಸಾಯಿಯವರ ಬಳಿ ಹೋಗಿ ನಾವು ಕೆಲಸ ಮಾಡುತ್ತಿದ್ದ ರೀತಿಯನ್ನು ಹೇಳಿದೆ. ಅವರು ಪೂರ್ತಿ ಕೇಳಿದರು. ಹಾಗಾದರೆ ಇಬ್ಬರ ಕೆಲಸ ನೀನೊಬ್ಬನೇ ಮಾಡಬಲ್ಲೆ, ಇನ್ನೊಬ್ಬ ಏಕೆ ಎಂದು ಮುಂಬಯಿಯವರು ಕೇಳುತ್ತಾರೆ, ಹೇಳುವುದು ಬೇಡ ಎಂದರು. ಮರುವಾರ ಮೇಜಿನ ಮೇಲ್ವಿಚಾರಣೆ ನನಗೆ ಬಂತು. ಮಾಂಸದ ಅಡುಗೆಗೆ ಕಾರವಾರದಿಂದ ಒಬ್ಬರನ್ನು ತರಿಸಿದರು.

ಮಳೆಗಾಲ ಹತ್ತಿರವಾಗುವವರೆಗೆ ಮೇಸ್ತ್ರಿ ಔಟ್‌ಹೌಸಿನಲ್ಲಿರಬಹುದು ಎಂದು ದೇಸಾಯಿಯವರು ತಮ್ಮ ಜವಾಬ್ದಾರಿಯ ಮೇಲೆ ಒಪ್ಪಿದರು. ಆ ತಿಂಗಳುಗಳಲ್ಲಿ ಮೇಸ್ತ್ರಿ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು ಈರುಳ್ಳಿ ಬಿಡಿಸಿ ಕೊಡುತ್ತಿದ್ದರು. ನಾನು ಒಂದು ಸಲ ಟಾರ್ಟನ್ನು ಹಳೆಯ ರೀತಿಯಲ್ಲಿ, ಸಕ್ಕರೆಯಿಲ್ಲದೆ ಮಾಡಿ, ಸಿಹಿಯಿಲ್ಲದ ಬಿಳಿ ವೈನ್ ಇಟ್ಟೆ. ಹಿಂದೆ ಬಂದಿದ್ದ ಅತಿಥಿಯೊಬ್ಬರು, ಕುಂಬಳದ್ದು ಎಲ್ಲಿ ಎಂದು ಕೇಳಿದರು. ಅಂದಿನಿಂದ ಮತ್ತೆ ಕುಂಬಳದ್ದೇ. ಹೂರಣವನ್ನು ಮೊಟ್ಟೆ ಸೇರಿಸುವ ಮೊದಲು ಒಂದು ಚಮಚ ಹೊರಗೆ ಒಯ್ದು ಮೇಸ್ತ್ರಿಗೆ ಕೊಡುತ್ತಿದ್ದೆ. ಉಪ್ಪು, ಸಕ್ಕರೆ ಎರಡೇ ಮಾತು ಹೇಳುತ್ತಿದ್ದರು, ಯಾವುದು ಕಡಿಮೆಯೋ ಅದು. ಅವರ ಅಳತೆಯೇ ಮುಂದೆ ನಾನು ಹೋದ ಎಲ್ಲ ಅಡುಗೆಮನೆಗಳಲ್ಲೂ ನಡೆಯಿತು. ತಿಂದವರು ಯಾರೂ ಸಿಹಿ ಹೆಚ್ಚಾಯಿತು ಎನ್ನಲಿಲ್ಲ.

1961ರ ಮೇ ಕೊನೆಯಲ್ಲಿ ಹೊಸ ಅಡುಗೆಯವರ ಸಂಸಾರ ಬರುವುದಿತ್ತು. ಮೇಸ್ತ್ರಿ ಕಾರವಾರದ ಆಚೆ, ಗೋವೆಯ ಗಡಿಗೆ ಹತ್ತಿರವಿರುವ ಮಾಜಾಳಿಗೆ ಹೊರಟರು. ಅಲ್ಲಿ ಹೆಂಡತಿಯ ಕಡೆಯ ಒಬ್ಬ ಮುದುಕಿ ಒಂದು ಜಗಲಿ ಬಿಟ್ಟುಕೊಡುವುದಾಗಿ ಹೇಳಿದ್ದಳು. ಗಡಿ ತೆರೆದ ದಿನ ನಡೆದೇ ಊರಿಗೆ ಹೋಗಬಹುದು ಎಂದು ಅವರ ಲೆಕ್ಕ. ಬಸ್ಸಿನ ಹತ್ತಿರ ಹೆಗಡೆಯವರೂ ಧೋಂಡುವೂ ಬಂದಿದ್ದರು. ಧೋಂಡು ತಂಬಿಗೆಯಲ್ಲಿ ಹಾಲು ತಂದಿದ್ದ. ಮೇಸ್ತ್ರಿ ಅಲ್ಲೇ ನಿಂತು ಕುಡಿದರು. ಒಳ್ಳೆ ಹಾಲು ಎಂದರು. ನನಗೆ ಹೇಳಿದ್ದು ಕೆಲಸದ ಮಾತೇ, ಹಸಿರು ಬಾಟಲಿ ಬಂದರೆ ಅಡ್ಡ ಮಲಗಿಸಿಡು, ನಿಲ್ಲಿಸಿಟ್ಟರೆ ಬಿರಡೆ ಒಣಗುತ್ತದೆ.

ಆ ವರ್ಷದ ಡಿಸೆಂಬರಿನಲ್ಲಿ ಭಾರತದ ಸೈನ್ಯ ಗೋವೆಯನ್ನು ಪ್ರವೇಶಿಸಿತು, ಗಡಿ ತೆರೆಯಿತು.

1962ರ ಬೇಸಿಗೆಯಲ್ಲಿ ಒಬ್ಬ ಮನುಷ್ಯ ಕಟ್ಟಿಗೆ ಲಾರಿಯಲ್ಲಿ ಯಲ್ಲಾಪುರಕ್ಕೆ ಬಂದು ಅತಿಥಿಗೃಹದ ಬಾಗಿಲು ತಟ್ಟಿದ. ಹಣೆ, ಹುಬ್ಬು ಇನಾಸ್ ಮೇಸ್ತ್ರಿಯದೇ. ಹೆಸರು ಲುವಿಸ್. ಅಣ್ಣನನ್ನು ಕರೆದುಕೊಂಡು ಹೋಗಲು ಬಂದಿದ್ದ. ಮನೆಯಲ್ಲಿ ಒಂದು ಕೋಣೆಗೆ ಸುಣ್ಣ ಹೊಡೆಸಿ ಇಟ್ಟಿದ್ದೇನೆ ಎಂದು ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿದ. ಅಣ್ಣ ಹೋದ ವರ್ಷವೇ ಇಲ್ಲಿಂದ ಹೊರಟಿದ್ದಾರೆ ಎಂದು ಹೇಳಿದಾಗ ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಊಟಕ್ಕೆ ಕೂರಿಸಿದೆವು. ಉಣ್ಣಲಿಲ್ಲ.

ನಾನೂ ಲುವಿಸನೂ ಮಾಜಾಳಿಗೆ ಹೋದೆವು. ಮುದುಕಿ ಸಿಕ್ಕಳು. ಗಡಿ ತೆರೆದಿದೆ ಎಂಬ ಸುದ್ದಿ ಬಂದ ಮರುದಿನ ಬೆಳಿಗ್ಗೆ ಇನಾಸ್ ಟ್ರಂಕು ಎತ್ತಿಕೊಂಡು ಉತ್ತರಕ್ಕೆ ಹೋಗುವ ಜನರ ಜೊತೆ ಹೊರಟ, ಕೋಟು ಹಾಕಿಕೊಂಡಿದ್ದ ಎಂದು ಹೇಳಿದಳು. ದಾರಿಯ ಇಗರ್ಜಿಗಳಲ್ಲಿ, ಆಸ್ಪತ್ರೆಗಳಲ್ಲಿ ಕೇಳಿದೆವು. ಗಡಿಯಾಚೆಯ ಕಾಣಕೋಣದಲ್ಲಿ ಒಬ್ಬ ಬ್ರೆಡ್ಡಿನ ಅಂಗಡಿಯವನು, ಅಂಥ ಕೋಟಿನ ಒಬ್ಬ ಮುದುಕ ತನ್ನ ಬಾಗಿಲ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಹೋದ ಎಂದ. ಅದಕ್ಕೂ ಮುಂದೆ ಕಂಡವರು ಸಿಗಲಿಲ್ಲ.

1967ರಲ್ಲಿ ಹೆಗಡೆಯವರು ಕಂಪನಿಯ ಕೆಲಸಕ್ಕೆ ಮಡಗಾಂವ್‌ಗೆ ಹೋದಾಗ ಲುವಿಸನ ಮನೆಗೆ ಹೋಗಿದ್ದರು. ಇನಾಸ್ ಮೇಸ್ತ್ರಿ ಬಂದಿರಲಿಲ್ಲ.